ಆಟಗಾರನ ಅಂಕಪಟ್ಟಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕುಂಬಳೆಯ ಹತ್ತಿರ, ಕೊಯ್ಲು ಮುಗಿದ ಗದ್ದೆಗಳಲ್ಲಿ ನಾವು ಸೆವೆನ್ಸ್, ಅಂದರೆ ಏಳೇಳು ಜನರ ಫುಟ್‌ಬಾಲ್, ಆಡುತ್ತಿದ್ದ ಕಾಲದಲ್ಲಿ ನಾನು ಸ್ಟಾಪರ್, ನಮ್ಮ ಗೋಲಿನ ಮುಂದೆ ಎದುರಾಳಿಯನ್ನು ತಡೆಯುವವ. ರಾತ್ರಿ ಪಂದ್ಯ ಮುಗಿದರೆ ಮರುದಿನ ಬೆಳಗ್ಗೆ ಚಹಾದಂಗಡಿಯಲ್ಲಿ ಅದರ ವಿಚಾರಣೆ. ಅಂಗಡಿ ನಡೆಸುತ್ತಿದ್ದ ಬ್ಯಾರಿಗಳು ಚಹಾ ಎತ್ತಿ ಹೊಯ್ಯುತ್ತಲೇ ಏಳೂ ಜನರ ಆಟ ಬಿಡಿಸಿ ಹೇಳುತ್ತಿದ್ದರು. ಒಮ್ಮೆ ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ನೀನು ಚೆಂಡನ್ನು ನೋಡಿದ್ದು, ಆಳನ್ನು ನೋಡಲಿಲ್ಲ. ಎರಡನೇ ಪೋಸ್ಟಿಗೆ ಅವ ಬರುವಾಗ ನೀನೆಲ್ಲಿದ್ದೆ?” ನಾನು ತಲೆ ತಗ್ಗಿಸಿದೆ. ಗ್ಲಾಸು ಕೈಗಿತ್ತು ಮುಂದುವರಿಸಿದರು: “ಆದರೆ ಮೊದಲರ್ಧದಲ್ಲಿ ಅವರ ಫಾರ್ವರ್ಡಿಗೆ ಒಮ್ಮೆಯೂ ತಿರುಗಿ ಹೊಡೆಯಲಿಕ್ಕೆ ಆಗಲಿಲ್ಲ. ಅದು ನಿನ್ನದು.”

ಅಂಗಡಿಯಲ್ಲಿ ಹತ್ತು ಜನರ ಮುಂದೆ ನಡೆಯುತ್ತಿದ್ದ ಆ ಕೆಲಸವನ್ನು ಇವತ್ತು ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳು ಲಕ್ಷಾಂತರ ಅಭಿಮಾನಿಗಳ ಮುಂದೆ ಮಾಡುತ್ತವೆ. ಪಂದ್ಯದ ಮರುಗಳಿಗೆಯಲ್ಲೇ ‘ಇವತ್ತಿನ ಉತ್ತಮ ಆಟಗಾರ ಯಾರು’ ಎಂಬ ಮತದಾನ, ತಿಂಗಳಿಗೊಮ್ಮೆ ಇನ್ನೊಂದು. ಸೀಸನ್ ಮುಗಿದಾಗ ಒಬ್ಬೊಬ್ಬರ ಮೇಲೂ ಒಂದು ಬರಹ: ಎಷ್ಟು ಪಂದ್ಯ, ಎಷ್ಟು ನಿಮಿಷ, ಎಷ್ಟು ಗೋಲು, ಗೋಲಿಗೆ ಕೊಟ್ಟ ಪಾಸ್ ಎಷ್ಟು, ಗೋಲ್‌ಕೀಪರ್ ತಡೆದದ್ದೆಷ್ಟು. ಯಾರನ್ನು ಉಳಿಸಿಕೊಂಡೆವು, ಯಾರನ್ನು ಬಿಟ್ಟೆವು ಎಂಬ ಪಟ್ಟಿಯನ್ನು ಇಂಗ್ಲೆಂಡಿನ ಕ್ಲಬ್ಬುಗಳು ಬೇಸಿಗೆಯಲ್ಲಿ ಪ್ರಕಟಿಸುತ್ತವೆ. ಬಿಟ್ಟವರಿಗೆ ಎರಡು ಸಾಲಿನ ಕೃತಜ್ಞತೆಯೂ ಇರುತ್ತದೆ.

ಅಂಕ ಹಾಕುವ ಕೆಲಸ ಮಾತ್ರ ಹೆಚ್ಚಾಗಿ ಪತ್ರಿಕೆಗಳದ್ದು. ನಾನು ಶಾಲಾ ಮಾಸ್ತರನಾದ್ದರಿಂದ ಇದು ನನಗೆ ಬಹಳ ಹತ್ತಿರದ ವಿಷಯ. ಇಟಲಿಯ ಪತ್ರಿಕೆಗಳು ಪಂದ್ಯದ ಮರುದಿನ ಪ್ರಕಟಿಸುವ ಅಂಕಗಳಿಗೆ ‘ಪಜೆಲ್ಲೆ’ ಎಂದು ಹೆಸರು. ಅಲ್ಲಿಯ ಶಾಲೆಗಳ ಅಂಕಪಟ್ಟಿಗೂ ಅದೇ ಶಬ್ದ. ಹತ್ತರಲ್ಲಿ 6 ಬಂದರೆ ಪಾಸು. ಜರ್ಮನಿಯ ‘ಕಿಕರ್’ ಪತ್ರಿಕೆ ಆ ದೇಶದ ಶಾಲೆಗಳಂತೆ 1ರಿಂದ 6ರವರೆಗೆ ಅಂಕ ಕೊಡುತ್ತದೆ. ಅಲ್ಲಿ 1 ಅತ್ಯುತ್ತಮ, 6 ಅತಿ ಕಳಪೆ. ಒಂದೇ 6 ಮಿಲಾನಿನಲ್ಲಿ ಹುಡುಗನನ್ನು ಪಾಸು ಮಾಡಿಸುತ್ತದೆ, ಮ್ಯೂನಿಕ್ಕಿನಲ್ಲಿ ಮುಳುಗಿಸುತ್ತದೆ.

ಪತ್ರಿಕೆ ಒರಟಾಗಿ ಅಂಕ ಹಾಕಿದರೆ ಕ್ಲಬ್ಬು ಸಿಹಿ ಮಾತನ್ನೇ ಆಡುತ್ತದೆ. ಕಾರಣವಿದೆ. ಆಟಗಾರ ಕ್ಲಬ್ಬಿನ ಆಸ್ತಿ. ನಾಳೆ ಬೇರೆ ಕ್ಲಬ್ಬಿಗೆ ಮಾರಬೇಕಾದವನನ್ನು ಇವತ್ತು ಊರೆದುರು ಹಳಿದರೆ ಬೆಲೆ ಇಳಿಯುತ್ತದೆ. ಅವನ ದುರ್ಬಲ ಕಾಲು ಯಾವುದು ಎಂದು ಬರೆದರೆ ಎದುರಾಳಿಯ ಕೋಚ್ ಕೂಡ ಓದುತ್ತಾನೆ. ಹಾಗಾಗಿ ಕಠಿಣ ಮಾತೆಲ್ಲ ಬಾಗಿಲು ಮುಚ್ಚಿದ ಕೋಣೆಯಲ್ಲಿ, ವಿಡಿಯೋ ಹಾಕಿಕೊಂಡು. ಇದರಲ್ಲಿ ತಪ್ಪು ಕಾಣುವವನಲ್ಲ ನಾನು. ಎಲ್ಲರ ಮುಂದೆ ಬೈಸಿಕೊಂಡ ಮಗು ಮರುದಿನ ಶಾಲೆಗೆ ಹೇಗೆ ಬರುತ್ತದೆ ಎಂದು ಕಂಡಿದ್ದೇನೆ.

ನನ್ನ ತಕರಾರು ಬೇರೆ. ಆಟಗಾರನಿಗೆ ಒಪ್ಪಿಸಿದ ಕೆಲಸ ಏನಿತ್ತು ಎಂಬುದನ್ನು ಪತ್ರಿಕೆಯ ಅಂಕವೂ ಹೇಳುವುದಿಲ್ಲ, ಕ್ಲಬ್ಬಿನ ಹೊಗಳಿಕೆಯೂ ಹೇಳುವುದಿಲ್ಲ. ಒಳ್ಳೆಯ ಬ್ಯಾಕ್, ಅಂದರೆ ಹಿಂದೆ ನಿಂತು ಗೋಲು ಕಾಯುವ ಆಟಗಾರ, ಸರಿಯಾದ ಜಾಗದಲ್ಲಿ ನಿಂತರೆ ಚೆಂಡು ಆ ಕಡೆಗೆ ಬರುವುದೇ ಕಡಿಮೆ. ಎದುರಾಳಿಯ ಕಾಲಿನಿಂದ ಚೆಂಡು ಕಸಿದ ಟ್ಯಾಕಲ್ ಲೆಕ್ಕದಲ್ಲಿ ಅವನ ಹೆಸರಿನ ಮುಂದೆ ಒಂದೋ ಎರಡೋ ಇರುತ್ತದೆ, ಅಷ್ಟೇ.

2016ರ ಡಿಸೆಂಬರ್ 18, ಕೊಚ್ಚಿಯಲ್ಲಿ ಐಎಸ್ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ ಫೈನಲ್. ನಮ್ಮದೇ ಕಾಸರಗೋಡು ಜಿಲ್ಲೆಯ ತ್ರಿಕ್ಕರಿಪುರದ ಮುಹಮ್ಮದ್ ರಾಫಿ 37ನೇ ನಿಮಿಷದಲ್ಲಿ ಕಾರ್ನರ್ ಕಿಕ್ಕಿಗೆ ತಲೆ ಕೊಟ್ಟು ಕೇರಳ ಬ್ಲಾಸ್ಟರ್ಸಿಗೆ ಗೋಲು ತಂದರು. ಎದುರಾಳಿ ಕೋಲ್ಕತ್ತ ತಂಡ ಸಮ ಮಾಡಿತು, ಕೊನೆಗೆ ಪೆನಾಲ್ಟಿಯಲ್ಲಿ 4–3ರಿಂದ ಕಪ್ಪು ಒಯ್ದಿತು. ರಾಫಿಯ ಖಾತೆಗೆ ಗೋಲು ಬಂತು, ಬರಬೇಕಾದದ್ದೇ. ಆದರೆ ಯಾವುದೇ ಕಾರ್ನರಿನಲ್ಲಿ ಹತ್ತಿರದ ಪೋಸ್ಟಿಗೆ ಸುಳ್ಳು ಓಟ ಓಡಿ ಎದುರಾಳಿಯ ಇಬ್ಬರನ್ನು ಎಳೆದುಕೊಂಡು ಹೋಗುವವನಿಗೆ ಯಾವ ಖಾತೆ?

ಮತದಾನವನ್ನೂ ಸ್ವಲ್ಪ ಬಗ್ಗಿ ನೋಡಿದರೆ ಒಳಗೆ ಬೇರೇನೋ ಕಾಣುತ್ತದೆ. ಮ್ಯಾಂಚೆಸ್ಟರ್ ಯುನೈಟೆಡ್ಡಿನ ಅಭಿಮಾನಿಗಳು ಮತ ಹಾಕಿ ಕೊಡುವ ಸರ್ ಮ್ಯಾಟ್ ಬಸ್ಬಿ ಪ್ರಶಸ್ತಿ 1988ರಿಂದ ಇದೆ. ಅದನ್ನು ಗೋಲ್‌ಕೀಪರ್ ಡೇವಿಡ್ ಡಿ ಹೇಯ ನಾಲ್ಕು ಸಲ ಗೆದ್ದರು, 2014ರಿಂದ 2016ರವರೆಗೆ ಸಾಲಾಗಿ ಮೂರು ಸಲ. ಅಷ್ಟು ದೊಡ್ಡ ಕ್ಲಬ್ಬಿನಲ್ಲಿ ವರ್ಷ ವರ್ಷವೂ ಗೋಲ್‌ಕೀಪರೇ ಉತ್ತಮ ಆಟಗಾರನಾದರೆ, ಉಳಿದ ಹತ್ತು ಮಂದಿಯ ವಿಮರ್ಶೆಯೂ ಅದರೊಳಗೆ ಬಂದಂತೆ ಎಂದು ನನ್ನ ಲೆಕ್ಕ.

ಗೋಲ್‌ಕೀಪರ್ ಎಂದಾಗ ನನ್ನ ವಿದ್ಯಾರ್ಥಿಯೊಬ್ಬ ನೆನಪಾಗುತ್ತಾನೆ. ಹದಿನೇಳರ ಹುಡುಗ, ಒಂದು ಕ್ಲಬ್ಬಿಗೆ ಆಡುತ್ತಿದ್ದ. ಒಂದು ಟೂರ್ನಮೆಂಟಿನ ಪಂದ್ಯದಲ್ಲಿ ಮೂರು ಗೋಲು ಬಿಟ್ಟ. ಆ ಮೂರನ್ನೇ ವಿಡಿಯೋದಿಂದ ಕತ್ತರಿಸಿ ಜೋಡಿಸಿ, ಅವನ ಹೆಸರು ಹಾಕಿ ಕ್ಲಬ್ಬಿನವರು ಎಲ್ಲರಿಗೂ ಕಳಿಸಿದರು. ದುಬೈಯಲ್ಲಿದ್ದ ಅವನ ಅಣ್ಣನ ಫೋನಿಗೂ ಅದು ತಲುಪಿತು. ಹುಡುಗ ಎರಡು ವಾರ ಮೈದಾನದ ಕಡೆ ಬರಲಿಲ್ಲ. ಮನೆಗೆ ಹೋಗಿ ಅವನನ್ನು ಕೂರಿಸಿಕೊಂಡು ಪಂದ್ಯದ ಪೂರ್ತಿ ವಿಡಿಯೋ ನೋಡಿದೆ. ಮೊದಲ ಗೋಲಿಗೆ ಬ್ಯಾಕ್ ಅಡ್ಡ ಬರಲೇ ಇಲ್ಲ. ಮೂರನೆಯದು ಅವನದೇ ತಂಡದವನ ಕಾಲಿಗೆ ತಾಗಿ ದಿಕ್ಕು ಬದಲಿಸಿತ್ತು. ನಡುವೆ ಅವನು ತಡೆದ ಐದು ಹೊಡೆತಗಳನ್ನು ಯಾರೂ ಕತ್ತರಿಸಿ ಕಳಿಸಿರಲಿಲ್ಲ. ಅದನ್ನು ನೋಡುವಾಗ ನನಗೆ ಹೊಟ್ಟೆ ಉರಿಯಿತು.

ಮರುವರ್ಷ ಅವನು ನಮ್ಮೂರಿನ ತಂಡಕ್ಕೆ ಬಂದ. ಸೀಸನ್ ಕೊನೆಗೆ ಎಲ್ಲ ಆಟಗಾರರ ಬಗ್ಗೆ ಬರೆದುಕೊಡಿ ಎಂದು ತಂಡದವರು ನನ್ನನ್ನು ಕೇಳಿದರು. ಪ್ರತಿಯೊಬ್ಬನಿಗೂ ಕೋಚ್ ಒಪ್ಪಿಸಿದ ಕೆಲಸ ಏನೆಂದು ಮೊದಲ ಸಾಲಿನಲ್ಲೇ ಬರೆದೆ. ಆಮೇಲೆ ಅದು ಎಷ್ಟು ಆಯಿತು ಎಂದು, ಕೊನೆಗೆ ತಿದ್ದಿಕೊಳ್ಳಬೇಕಾದ ಒಂದೇ ಒಂದು ಸಂಗತಿ. ಅಂಕ ಹಾಕಲಿಲ್ಲ. ಊರವರ ಕೈಗೆ ಹೋಗುವ ಮೊದಲು ಆಯಾ ಆಟಗಾರನಿಗೇ ತೋರಿಸಿದೆ.

ಗೋಲ್‌ಕೀಪರ್ ಹುಡುಗನ ಪುಟದಲ್ಲಿ, ಹಿಂದಿನದು ನೆನಪಿದ್ದುದರಿಂದ, ನಾನು ಸ್ವಲ್ಪ ಮೃದುವಾಗಿಯೇ ಬರೆದಿದ್ದೆ. ಅವನು ಜಗಲಿಯಲ್ಲಿ ಕೂತು ಎರಡು ಸಲ ಓದಿದ. “ಮಾಸ್ಟ್ರೇ, ಸೆಮಿಫೈನಲಿನ ಎರಡನೇ ಗೋಲು ನನ್ನದೇ ತಪ್ಪು. ಮುಂದೆ ಬಂದು ಹಿಡಿಯಬೇಕಿತ್ತು, ನಾನು ಗೆರೆಯಲ್ಲೇ ನಿಂತೆ. ಅದನ್ನೂ ಬರೆಯಿರಿ,” ಎಂದ.

ಬರೆದೆ. ನಮಸ್ಕಾರ.