ಯೋಗದ ಚಾಪೆ ಹಾಸುವ ಮೊದಲು

(ಹಾಸನದಲ್ಲಿ ಉದ್ಯಮಿಗಳು, ತೋಟದ ಮಾಲೀಕರು ಮತ್ತು ನೌಕರರು ಸೇರಿದ್ದ ಸಭೆಯಲ್ಲಿ ವೈದ್ಯರೊಬ್ಬರು ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲುಗಳಲ್ಲಿ ಮಾಲೀಕರು, ಹಿಂದಿನ ಸಾಲುಗಳಲ್ಲಿ ನೌಕರರು ಕುಳಿತಿದ್ದೀರಿ. ಯಾರೂ ಹೇಳಿ ಕೂರಿಸಿದ್ದಲ್ಲ, ತಾನಾಗಿ ಹಾಗೆ ಆಗಿದೆ. ನನ್ನ ಮಾತಿನಲ್ಲಿ ಎರಡೂ ಕಡೆಯವರಿಗೆ ಸ್ವಲ್ಪ ಇರುಸುಮುರುಸು ಆಗಬಹುದು, ಸಹಿಸಿಕೊಳ್ಳಿ.

ಕೆಲಸದ ಸ್ಥಳದಲ್ಲಿ ಆರೋಗ್ಯ ಕಾರ್ಯಕ್ರಮ ನಡೆಸಿದರೆ ಮಾಲೀಕರಿಗೂ ನೌಕರರಿಗೂ ಏನು ಲಾಭ ಎಂದು ಹೇಳಬೇಕೆಂಬುದು ಸಂಘಟಕರ ಅಪೇಕ್ಷೆ. ಲಾಭ ಇದೆ. ಆದರೆ ಅದನ್ನು ನಾವು ಹುಡುಕುತ್ತಿರುವ ಜಾಗ ಬೇರೆ, ಅದು ಇರುವ ಜಾಗ ಬೇರೆ. ಜೂನ್ 21ರಂದು ಯೋಗ, ವರ್ಷಕ್ಕೊಮ್ಮೆ ರಕ್ತದಾನ ಶಿಬಿರ, ಗೋಡೆಗೆ ‘ಆರೋಗ್ಯವೇ ಭಾಗ್ಯ’ ಫಲಕ, ಆಮೇಲೆ ಫೋಟೊ. ಇಷ್ಟಕ್ಕೆ ಆರೋಗ್ಯ ಕಾರ್ಯಕ್ರಮ ಎಂದು ಹೆಸರಿಟ್ಟು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸುವುದು ವಾಡಿಕೆಯಾಗಿದೆ. ಯೋಗದ ಮೇಲೆ ನನಗೆ ಸಿಟ್ಟಿಲ್ಲ, ಬೆಳಗ್ಗೆ ನಾನೂ ಮಾಡುತ್ತೇನೆ. ಸಿಟ್ಟಿರುವುದು ಫೋಟೊದ ಮೇಲೆ.

2025ರ ಮೇ, ಜೂನ್ ತಿಂಗಳುಗಳನ್ನು ಹಾಸನದವರು ಮರೆತಿರಲಾರರು. ಪತ್ರಿಕೆ ಬಿಡಿಸಿದರೆ ಹೃದಯಾಘಾತದ ಸುದ್ದಿ, ಅದರಲ್ಲೂ ಎಳೆ ವಯಸ್ಸಿನವರ ಸಾವು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿನಲ್ಲೇ ಸಾಲು ನಿಂತರು. ಸರ್ಕಾರ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಸಾವುಗಳಲ್ಲಿ ಅಸಹಜ ಏರಿಕೆ ಕಂಡಿಲ್ಲ ಎಂದು ಸಮಿತಿ ಹೇಳಿದ ಮೇಲೆ ಗಾಬರಿ ಇಳಿಯಿತು, ಸಾಲೂ ಕರಗಿತು. ಮೃತರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಧೂಮಪಾನದ ಚಟವೋ ಇತ್ತು, ಆಟೊ ಮತ್ತು ಕ್ಯಾಬ್ ಓಡಿಸುವವರೂ ಇದ್ದರು ಎಂಬ ಸಂಗತಿಗಳ ಮೇಲೆ ಮಾತ್ರ ಅಷ್ಟು ಚರ್ಚೆ ನಡೆಯಲಿಲ್ಲ. ರಕ್ತದೊತ್ತಡ 140/90 ದಾಟಿದರೆ ನೋವಾಗುವುದಿಲ್ಲ, ಜ್ವರ ಬರುವುದಿಲ್ಲ. ಯಾರಾದರೂ ಅಳೆದು ಹೇಳಬೇಕು. ಮೈಯಲ್ಲಿ ಏನೂ ತೊಂದರೆ ಕಾಣದ ಮನುಷ್ಯ ಅರ್ಧ ದಿನದ ಕೂಲಿ ಕಳೆದುಕೊಂಡು ಆಸ್ಪತ್ರೆಗೆ ಬರುವುದಿಲ್ಲ. ಹಾಗಾಗಿ ಅವನಿರುವ ಕಡೆಗೇ ಯಂತ್ರ ಹೋಗಬೇಕು. ಅವನಿರುವುದು ಕಾರ್ಖಾನೆಯಲ್ಲಿ, ಡಿಪೋದಲ್ಲಿ, ತೋಟದಲ್ಲಿ.

ಇನ್ನು ಹಣದ ಲೆಕ್ಕ. 2010ರಲ್ಲಿ ಹಾರ್ವರ್ಡ್‌ನ ಕ್ಯಾಥರೀನ್ ಬೈಕರ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, ಇಂಥ ಕಾರ್ಯಕ್ರಮಕ್ಕೆ ಒಂದು ಡಾಲರ್ ಹಾಕಿದರೆ ಚಿಕಿತ್ಸೆಯ ಖರ್ಚಿನಲ್ಲಿ 3.27 ಡಾಲರ್, ಗೈರುಹಾಜರಿಯ ನಷ್ಟದಲ್ಲಿ 2.73 ಡಾಲರ್ ಉಳಿಯುತ್ತದೆ ಎಂದು ಬರೆದರು. ಇಂಥ ಕಾರ್ಯಕ್ರಮ ಮಾರುವ ಕಂಪನಿಗಳಿಗೆ ಇದಕ್ಕಿಂತ ಇನ್ನೇನು ಬೇಕು? ಆದರೆ 2019ರಲ್ಲಿ ಅದೇ ಬೈಕರ್, ಜಿರುಯ್ ಸಾಂಗ್ ಅವರೊಂದಿಗೆ, ಅಮೆರಿಕದ ದೊಡ್ಡ ಮಳಿಗೆ ಜಾಲವೊಂದರ ಸುಮಾರು 33,000 ನೌಕರರಲ್ಲಿ ಪ್ರಯೋಗ ನಡೆಸಿದರು. ಚೀಟಿ ಎತ್ತಿದಂತೆ ಕೆಲವು ಮಳಿಗೆಗಳನ್ನು ಆರಿಸಿ ಅಲ್ಲಿ ಮಾತ್ರ ಕಾರ್ಯಕ್ರಮ ಕೊಟ್ಟು, ಉಳಿದವುಗಳ ಜೊತೆ ಹೋಲಿಸಿದರು. ಹದಿನೆಂಟು ತಿಂಗಳ ನಂತರ, ವ್ಯಾಯಾಮ ಮಾಡುತ್ತೇವೆ, ತೂಕದ ಬಗ್ಗೆ ಎಚ್ಚರ ವಹಿಸುತ್ತೇವೆ ಎಂದು ಹೇಳುವವರ ಪ್ರಮಾಣ ಹೆಚ್ಚಿತ್ತು. ರಕ್ತದೊತ್ತಡ, ಕೊಬ್ಬಿನಂಶ, ಗೈರುಹಾಜರಿ, ಚಿಕಿತ್ಸಾ ವೆಚ್ಚ ಇವುಗಳಲ್ಲಿ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ನೌಕರರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲೂ ಹೆಚ್ಚು ಕಡಿಮೆ ಇದೇ ಫಲ. ಕಾರ್ಯಕ್ರಮಕ್ಕೆ ಸೇರಿದವರು ಮೊದಲೇ ಆರೋಗ್ಯದ ಕಡೆ ಗಮನ ಇದ್ದವರು, ಚಿಕಿತ್ಸೆಗೆ ಕಡಿಮೆ ಖರ್ಚು ಮಾಡುತ್ತಿದ್ದವರು ಎಂಬುದೂ ಅಲ್ಲಿ ಬಯಲಾಯಿತು. ಬೆಳಗ್ಗೆ ಎದ್ದು ಓಡುವವರೇ ಓಟದ ಸ್ಪರ್ಧೆಗೆ ಹೆಸರು ಕೊಟ್ಟಿದ್ದರು ಎನ್ನಿ.

ಮುಂದಿನ ಸಾಲಿನವರು ಇದನ್ನು ಕೇಳಿ ಹಗುರಾಗಬೇಡಿ. ಅಮೆರಿಕದ ಲೆಕ್ಕ ನಮಗೆ ಹೊಂದುವುದೇ ಇಲ್ಲ. ಅಲ್ಲಿ ನೌಕರನ ಚಿಕಿತ್ಸೆಯ ಹೊರೆ ಬಹುಪಾಲು ಮಾಲೀಕನ ವಿಮೆಯ ಮೇಲೆ ಬೀಳುತ್ತದೆ. ಇಲ್ಲಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಇದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ಮಾಲೀಕರ ವಂತಿಗೆ ಶೇ 3.25, ನೌಕರರದು ಶೇ 0.75. ನಿಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದರೂ ಆ ವಂತಿಗೆ ಒಂದು ಪೈಸೆ ಇಳಿಯುವುದಿಲ್ಲ. ಆದ್ದರಿಂದ ನಿಮ್ಮ ಲಾಭ ಆಸ್ಪತ್ರೆಯ ಬಿಲ್ಲಿನಲ್ಲಿ ಇಲ್ಲ, ಹಾಜರಿ ಪುಸ್ತಕದಲ್ಲಿದೆ.

ಗಾರ್ಮೆಂಟ್ಸ್ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಲೈನಿನಲ್ಲಿ ಕಾಲರ್ ಕೂಡಿಸುವ ಹೆಣ್ಣುಮಗಳು ಬೆಳಗ್ಗೆ ಬರಲಿಲ್ಲ ಎಂದರೆ ಅವಳ ಹಿಂದಿನವರ ಮೇಜಿನ ಮೇಲೆ ಬಂಡಲ್ ಗುಡ್ಡೆ ಬೀಳುತ್ತದೆ, ಮುಂದಿನವರ ಕೈ ಖಾಲಿ. ಸೂಪರ್‌ವೈಸರ್ ಇನ್ನೊಬ್ಬಳನ್ನು ಎಬ್ಬಿಸಿ ಆ ಯಂತ್ರಕ್ಕೆ ಕೂರಿಸುತ್ತಾನೆ. ಅವಳಿಗೆ ಕಾಲರ್ ರೂಢಿಯಿಲ್ಲ, ಅರ್ಧದಷ್ಟು ಪೀಸ್ ವಾಪಸ್ ಬರುತ್ತವೆ. ಸಂಜೆ ಟಾರ್ಗೆಟ್ ತಪ್ಪುತ್ತದೆ, ಬೈಗುಳ ಬೀಳುತ್ತದೆ, ಮರುದಿನ ಇನ್ನಿಬ್ಬರು ಬರುವುದಿಲ್ಲ. ಗೈರಿನ ಒಂದು ದಿನಕ್ಕೆ ನೀವು ಕೊಡುವ ಬೆಲೆ ಆ ಒಬ್ಬಳ ದಿನಗೂಲಿಯಷ್ಟೇ ಅಲ್ಲ.

ಅವಳು ಏಕೆ ಬರಲಿಲ್ಲ? ನಾನು ಹೋಗುತ್ತಿದ್ದ ಒಂದು ಹೊಲಿಗೆ ಘಟಕದಲ್ಲಿ ಮೂತ್ರದ ಸೋಂಕು ಎಂದು ಬರುವ ಹೆಣ್ಣುಮಕ್ಕಳು ಅತಿಯಾಗಿದ್ದರು. ಮಾತ್ರೆ ಕೊಟ್ಟರೆ ಒಂದು ವಾರ ಸರಿ, ಮತ್ತೆ ಅದೇ. ಕೊನೆಗೆ ಒಬ್ಬಾಕೆ ಹೇಳಿದರು: ‘ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆ ಸರ್. ಎದ್ದು ಹೋಗಲು ಪಾಸ್ ಬೇಕು. ಇಡೀ ಲೈನಿಗೆ ಇರುವುದು ಒಂದೇ ಪಾಸ್.’ ಆ ಪಾಸ್ ಅನ್ನು ನಾನು ನೋಡಿದ್ದೇನೆ. ದಾರ ಕಟ್ಟಿದ ಪ್ಲಾಸ್ಟಿಕ್ ಬಿಲ್ಲೆ, ಸೂಪರ್‌ವೈಸರ್ ಮೇಜಿನ ಮೊಳೆಗೆ ನೇತುಹಾಕಿದ್ದರು. ಬೆಳಗ್ಗೆ ಬಾಟಲಿಯಲ್ಲಿ ತಂದ ನೀರು ಸಂಜೆ ಅಷ್ಟೇ ಇರುತ್ತಿತ್ತು. ಶೌಚಾಲಯಕ್ಕೆ ಹೋದರೆ ಎರಡು ಬಾಗಿಲಿಗೆ ಚಿಲಕ ಇರಲಿಲ್ಲ. ಅದೇ ಘಟಕದ ಊಟದ ಕೋಣೆಯಲ್ಲಿ ‘ದಿನಕ್ಕೆ ಎಂಟು ಲೋಟ ನೀರು ಕುಡಿಯಿರಿ’ ಎಂಬ ಬಣ್ಣದ ಭಿತ್ತಿಪತ್ರ ಅಂಟಿಸಿದ್ದರು. ಬಿಲ್ಲೆ ತೆಗೆಸಿ, ಚಿಲಕ ಹಾಕಿಸಿ ಎಂದು ಬರೆದುಕೊಟ್ಟೆ. ಚಿಲಕ ಬೇಗ ಬಂತು, ಬಿಲ್ಲೆ ಹೋಗಲು ಸಾಕಷ್ಟು ಜಗ್ಗಾಟ ಬೇಕಾಯಿತು. ಅದು ಹೋದ ಮೇಲೆ ಸೋಂಕಿನ ದೂರು ಹೊತ್ತು ಬರುವವರು ಕಡಿಮೆಯಾದರು. ಉತ್ಪಾದನೆ ಕುಸಿಯಲಿಲ್ಲ.

ಇದು ನನ್ನೊಬ್ಬನ ಅನುಭವ, ಪುರಾವೆ ಎಂದು ಒಪ್ಪಬೇಕಾಗಿಲ್ಲ. ಪುರಾವೆ ಬೇಕಾದವರು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಷಾಧಮ್ ಮಾಡಿದ ಅಧ್ಯಯನ ನೋಡಿ. ವಿದ್ಯುತ್ ಉಳಿಸಲೆಂದು ಅಲ್ಲಿ ಹೊಲಿಗೆ ಯಂತ್ರಗಳ ಮೇಲಿನ ಹಳೆಯ ದೀಪಗಳನ್ನು ತೆಗೆದು ಎಲ್‌ಇಡಿ ಹಾಕಿದರು. ಎಲ್‌ಇಡಿ ಕಡಿಮೆ ಕಾವು ಹೊಮ್ಮಿಸುತ್ತದೆ, ಒಳಗಿನ ಸೆಕೆ ಇಳಿಯಿತು, ಬಿಸಿಲು ಜೋರಿದ್ದ ದಿನಗಳಲ್ಲಿ ಕೆಲಸದ ವೇಗ ಏರಿತು. ಬರೀ ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ ಹಾಕಿದ ಹಣ ಮರಳಲು ಮೂರು ವರ್ಷಕ್ಕಿಂತ ಹೆಚ್ಚು ಬೇಕಿತ್ತು. ಈ ಹೆಚ್ಚುವರಿ ಕೆಲಸವನ್ನೂ ಸೇರಿಸಿದರೆ ಎಂಟು ತಿಂಗಳೂ ಬೇಕಾಗಲಿಲ್ಲ. ಅಲ್ಲಿ ಯಾರೂ ಕಾರ್ಮಿಕರಿಗೆ ಆರೋಗ್ಯದ ಪಾಠ ಹೇಳಿರಲಿಲ್ಲ. ಕೆಲಸ ಮಾಡುವ ಜಾಗವನ್ನು ಸರಿಪಡಿಸಿದ್ದರು, ಅಷ್ಟೇ.

ಹಾಗಾದರೆ ತಪಾಸಣಾ ಶಿಬಿರ ಬೇಡವೇ? ಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ರಕ್ತಹೀನತೆ ಇದೆ. ಚನ್ನರಾಯಪಟ್ಟಣ, ಹೊಳೆನರಸೀಪುರದ ಹಳ್ಳಿಗಳಿಂದ ನಸುಕಿಗೇ ಬಸ್ ಹತ್ತುವವರು ಬರಿಹೊಟ್ಟೆಯಲ್ಲಿ ಬರುತ್ತಾರೆ, ಹನ್ನೊಂದು ಗಂಟೆಗೆ ತಲೆ ಸುತ್ತುತ್ತದೆ. ಶಿಬಿರದಲ್ಲಿ ಹಿಮೋಗ್ಲೋಬಿನ್ ನೋಡಿ ಚೀಟಿ ಕೊಟ್ಟು ಕಳಿಸಿದರೆ ಪ್ರಯೋಜನವಿಲ್ಲ. ಬೆಳಗ್ಗೆ ಒಂದು ಲೋಟ ರಾಗಿ ಗಂಜಿ, ಕಡಲೆಕಾಯಿ ಚಿಕ್ಕಿ, ವೈದ್ಯರು ಹೇಳಿದ ಕಬ್ಬಿಣದ ಮಾತ್ರೆ, ಮೂರು ತಿಂಗಳಿಗೆ ಮತ್ತೆ ಪರೀಕ್ಷೆ, ಇಷ್ಟು ಬೆನ್ನಿಗೆ ಬರಬೇಕು. ಕಬ್ಬಿಣದ ಮಾತ್ರೆಯ ಮೇಲೆ ಕೂಡಲೇ ಕಾಫಿ ಕುಡಿಯಬಾರದು ಎಂಬುದನ್ನೂ ಹೇಳಿ. ನಮ್ಮ ಜಿಲ್ಲೆಯಲ್ಲಿ ಇದು ಕಷ್ಟದ ಸಲಹೆ ಎಂದು ನನಗೆ ಗೊತ್ತು.

ತಪಾಸಣೆಯ ವರದಿ ಯಾರ ಕೈ ಸೇರಬೇಕು ಎಂಬುದು ಹಿಂದಿನ ಸಾಲಿನವರು ಕೇಳಲೇಬೇಕಾದ ಪ್ರಶ್ನೆ. ಅದು ನೌಕರರಿಗೆ ಸೇರಬೇಕು, ವೈದ್ಯರ ಬಳಿ ಉಳಿಯಬೇಕು. ಆಡಳಿತ ಕಚೇರಿಗೆ ಹೋಗಬೇಕಾದದ್ದು ಒಟ್ಟು ಅಂಕಿ ಮಾತ್ರ, ಹೆಸರಲ್ಲ. ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದರೆ ಗುತ್ತಿಗೆ ಮುಂದುವರಿಸುವುದಿಲ್ಲ ಎಂಬ ಗುಸುಗುಸು ಒಮ್ಮೆ ಎದ್ದರೆ, ಮುಂದಿನ ಶಿಬಿರದ ದಿನ ಅರ್ಧ ಜನ ರಜೆ ಹಾಕುತ್ತಾರೆ. ಮನಸ್ಸಿನ ವಿಷಯದಲ್ಲಂತೂ ಈ ಅಂಜಿಕೆ ಇನ್ನೂ ಹೆಚ್ಚು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು, ಕಚೇರಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಆ ಸಂಖ್ಯೆಯನ್ನು ಶೌಚಾಲಯದ ಬಾಗಿಲ ಒಳಮೈಗೆ ಅಂಟಿಸಿ. ಸೂಚನಾ ಫಲಕದ ಮುಂದೆ ನಿಂತು ಅದನ್ನು ಬರೆದುಕೊಳ್ಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ, ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಯ ಕಥೆಯೂ ಹೀಗೆಯೇ. ಗಂಡಸು ಸೂಪರ್‌ವೈಸರ್ ಎದುರು ಕಾರಣ ಹೇಳಿ ಕೇಳಬೇಕಾದ ರಜೆಯನ್ನು ಎಷ್ಟು ಮಂದಿ ಕೇಳುತ್ತಾರೆ?

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರು ಇದೆಲ್ಲ ಕಾರ್ಖಾನೆಯವರ ಮಾತು ಎಂದುಕೊಳ್ಳಬಾರದು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯಲ್ಲೇ ವೈದ್ಯಕೀಯ ಸೌಲಭ್ಯ, ಶಿಶುಮಂದಿರ ಮಾತ್ರವಲ್ಲ, ಮಳೆ ಚಳಿಗೆ ಕೊಡೆ, ಕಂಬಳಿ, ರೈನ್‌ಕೋಟಿನ ಪ್ರಸ್ತಾಪವೂ ಇತ್ತು. ಕಂಬಳಿಯನ್ನು ಕಾಯ್ದೆಯಲ್ಲಿ ಬರೆದವರು ಮಲೆನಾಡಿನಂಥ ಕಡೆಯ ಜುಲೈ ತಿಂಗಳನ್ನು ಕಂಡವರೇ ಇರಬೇಕು. ಈಗ ಕಾಫಿ ಕುಯ್ಲಿಗೆ ಅಸ್ಸಾಂನಿಂದ ಜನ ಬರುತ್ತಾರೆ. ಕೊಪ್ಪ, ನರಸಿಂಹರಾಜಪುರ ಭಾಗದಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆ ತಲೆಯೆತ್ತುವ ಕಾಲ ಮತ್ತು ಕುಯ್ಲಿನ ಕಾಲ ಒಂದರ ಮೇಲೊಂದು ಬರುತ್ತವೆ. ಉಣುಗು ಕಚ್ಚಿದರೆ ಏನಾಗುತ್ತದೆ ಎಂದು ಊರಿನವರಿಗೆ ಗೊತ್ತು, ಹೊರಗಿನಿಂದ ಬಂದವರಿಗೆ ಗೊತ್ತಿಲ್ಲ. ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲದ ಬಾಟಲಿ ತೋಟದ ರೈಟರ್ ಕೋಣೆಯ ಕಪಾಟಿನಲ್ಲಿ ಭದ್ರವಾಗಿದ್ದರೆ ಸಾಲದು. ಬೆಳಗ್ಗೆ ಹಾಜರಿ ಕೂಗುವ ಮೊದಲು ಅವರ ಕೈಕಾಲಿಗೆ ಬೀಳಬೇಕು, ಏಕೆ ಎಂದು ಅವರ ಭಾಷೆಯಲ್ಲಿ ಯಾರಾದರೂ ಹೇಳಬೇಕು.

ಶಿರಾಡಿ ಘಾಟಿಯಲ್ಲಿ ರಾತ್ರಿ ಲಾರಿ ಓಡಿಸುವವರ ಬಗ್ಗೆ ಒಂದೇ ಮಾತು. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿದ ಕಾರಣಕ್ಕೆ 2016ರ ಒಂದೇ ವರ್ಷ ಜಗತ್ತಿನಲ್ಲಿ ಸುಮಾರು 7.45 ಲಕ್ಷ ಜನ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂದಾಜು ಮಾಡಿವೆ. ಚಾಲಕನಿಗೆ ನಡಿಗೆಯ ಉಪದೇಶ ಮಾಡುವ ಮೊದಲು ಅವನ ಟ್ರಿಪ್ ಷೀಟ್ ನೋಡಿ.

ಹತ್ತು ಜನವೂ ಇಲ್ಲದ ಬೇಕರಿ, ಗ್ಯಾರೇಜ್, ಹೋಟೆಲ್ ನಡೆಸುವವರು ಇಲ್ಲಿ ಬಹಳ ಜನ ಇದ್ದೀರಿ. ಬೇಕರಿ ಎಂದರೆ ಹಾಸನದವರು ಎನ್ನುವಷ್ಟು ನಮ್ಮವರು ನಾಡಿನುದ್ದಕ್ಕೂ ಒಲೆಯ ಮುಂದೆ ನಿಂತಿದ್ದಾರೆ. ಇಎಸ್‌ಐ ನಿಮಗೆ ಅನ್ವಯಿಸದಿರಬಹುದು, ವೈದ್ಯರನ್ನು ನೇಮಿಸುವ ಶಕ್ತಿಯೂ ಇರುವುದಿಲ್ಲ. ಒಂದೇ ರಸ್ತೆಯ ಹತ್ತು ಅಂಗಡಿಯವರು ಸೇರಿ ತಿಂಗಳಿಗೊಮ್ಮೆ ಒಬ್ಬ ನರ್ಸ್ ಬರುವಂತೆ ಮಾಡಿಕೊಳ್ಳಬಹುದು. ರಾತ್ರಿ ಪಾಳಿಯವನಿಗೆ ಕೂರಲು ಒಂದು ಸ್ಟೂಲ್, ಒಲೆಯ ಬದಿಗೆ ಒಂದು ಎಕ್ಸಾಸ್ಟ್ ಫ್ಯಾನ್, ವಾರಕ್ಕೊಂದು ನಿಜವಾದ ರಜೆ, ಇವಕ್ಕೆ ನರ್ಸ್ ಕೂಡ ಬೇಕಾಗಿಲ್ಲ.

ಹೊರಗೆ ಮೇಜಿನ ಮೇಲೆ ರಕ್ತದೊತ್ತಡದ ಯಂತ್ರ ಇಟ್ಟಿದ್ದೇವೆ. ಪಕ್ಕದಲ್ಲೇ ಕಾಫಿಯೂ ಇದೆ. ಮೊದಲು ಐದು ನಿಮಿಷ ಸುಮ್ಮನೆ ಕುಳಿತು ಅಳತೆ ಮಾಡಿಸಿಕೊಳ್ಳಿ, ಕಾಫಿ ಆಮೇಲೆ, ಇಲ್ಲದಿದ್ದರೆ ಅಂಕಿ ಏರುತ್ತದೆ. ಮುಂದಿನ ಸಾಲಿನವರೂ ಸರದಿಯಲ್ಲೇ ಬನ್ನಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.