ಟ್ರೆಮೇ: ಊರಿನ ಹಾಡು ಹಾಡುವಾಗ ಕ್ಯಾಮರಾ ಎಲ್ಲಿ ನಿಂತಿತ್ತು?

[ತೆರೆಯ ಮೇಲೆ: ಕುಂಬಳೆ ಪೇಟೆಯ ಸಂಜೆ. ನಿರೂಪಕರು ಕ್ಯಾಮರಾ ಎದುರು.]

ನಮಸ್ಕಾರ. ಕಾಸರಗೋಡು, ಮಂಜೇಶ್ವರ ಕಡೆಯಿಂದ ಈ ಚಾನೆಲ್ ನೋಡುವವರು ಪದೇ ಪದೇ ಒಂದು ಪ್ರಶ್ನೆ ಕೇಳುತ್ತಾರೆ. ಸೀರಿಯಲ್‌ನಲ್ಲಿ ಯಕ್ಷಗಾನ ಬಂದರೆ, ಕೋಲ ಬಂದರೆ, ಅದು ನಮ್ಮದು ಅಂತ ನಮಗೇ ಎಂತಕ್ಕೆ ಅನಿಸುವುದಿಲ್ಲ? ವೇಷ ಉಂಟು, ಚೆಂಡೆ ಉಂಟು, ದೊಂದಿ ಬೆಳಕೂ ಉಂಟು. ಆದರೂ ಎರಡು ನಿಮಿಷದಲ್ಲಿ ಮನಸ್ಸು ಕಿತ್ತುಕೊಂಡು ಹೊರಗೆ ಬಂದಿರುತ್ತದೆ.

ಇದು ಗಡಿನಾಡಿನಲ್ಲಿ ಸ್ವಲ್ಪ ಹೆಚ್ಚೇ ನೋಯುತ್ತದೆ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಬೆಂಗಳೂರಿನ ಸೀರಿಯಲ್‌ಗೆ ನಾವು ದೂರದವರು, ತಿರುವನಂತಪುರದ ಸೀರಿಯಲ್‌ಗೆ ಕನ್ನಡದವರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಅಂತ ಕುಂಬಳೆಯನ್ನು ಎಲ್ಲರೂ ನೆನೆಯುತ್ತಾರೆ, ಆದರೆ ಕುಂಬಳೆಯವರನ್ನು ಕೂರಿಸಿಕೊಂಡು ಕಥೆ ಬರೆಯುವವರು ಕಡಿಮೆ.

ಹಾಗಾದರೆ ಒಂದು ಊರಿನ ಹಾಡು, ಕುಣಿತ, ಆಚರಣೆಯನ್ನು ಊರವರು ಒಪ್ಪುವ ಹಾಗೆ ಟಿವಿಯಲ್ಲಿ ತೋರಿಸಿದವರು ಲೋಕದಲ್ಲಿ ಯಾರಾದರೂ ಇದ್ದಾರಾ? ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಟ್ರೆಮೇ ಎಂಬ ಟಿವಿ ಸರಣಿ.

[ತೆರೆಯ ಮೇಲೆ: ನ್ಯೂ ಆರ್ಲಿಯನ್ಸ್ ನಕ್ಷೆ. ಟ್ರೆಮೇ ಕೇರಿಯ ಮೇಲೆ ಗುರುತು.]

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. ಅಮೆರಿಕದ ಎಚ್‌ಬಿಒ ಚಾನೆಲ್, 2010ರಿಂದ 2013ರವರೆಗೆ, ನಾಲ್ಕು ಸೀಸನ್, ಒಟ್ಟು 36 ಕಂತು. ಮಾಡಿದವರು ಡೇವಿಡ್ ಸೈಮನ್ ಮತ್ತು ಎರಿಕ್ ಓವರ್‌ಮೈಯರ್. ಸೈಮನ್ ಮೊದಲು ಬಾಲ್ಟಿಮೋರ್‌ನಲ್ಲಿ ಪತ್ರಿಕೆಯ ವರದಿಗಾರರಾಗಿದ್ದವರು. ಕಥೆ ನಡೆಯುವುದು ನ್ಯೂ ಆರ್ಲಿಯನ್ಸ್‌ನಲ್ಲಿ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂತು, ಒಡ್ಡುಗಳು ಒಡೆದವು, ಊರಿನ ಶೇಕಡಾ 80 ಭಾಗ ನೀರಿನಡಿ ಹೋಯಿತು. ಮೊದಲ ಕಂತು ಶುರುವಾಗುವುದು ಅದಾಗಿ ಮೂರು ತಿಂಗಳಿಗೆ. ಟ್ರೆಮೇ ಎಂದರೆ ಆ ಊರಿನ ಒಂದು ಕೇರಿ, ಅಮೆರಿಕದ ಕಪ್ಪುಜನರ ಅತಿ ಹಳೆಯ ವಸತಿಗಳಲ್ಲಿ ಒಂದು. ಗುಲಾಮರಾಗಿದ್ದವರು ಭಾನುವಾರ ಸೇರಿ ಹಾಡಿ ಕುಣಿಯುತ್ತಿದ್ದ ಕಾಂಗೋ ಸ್ಕ್ವೇರ್ ಅಲ್ಲಿಯೇ ಇದೆ. ಹಿನ್ನೆಲೆ ಇಷ್ಟು ಸಾಕು.

ಇನ್ನು ಒಂದು ಸಿಹಿತಿಂಡಿಯ ವಿಷಯ. ಇದನ್ನು ನಿಧಾನವಾಗಿಯೇ ಹೇಳಬೇಕು.

ಮೊದಲ ಕಂತಿನಲ್ಲಿ ಜಾನೆಟ್ ಎಂಬ ಹೋಟೆಲ್ ನಡೆಸುವ ಹೆಂಗಸಿನ ಅಡುಗೆಮನೆಯಲ್ಲಿ ಸಿಹಿ ಖಾಲಿಯಾಗುತ್ತದೆ. ಊಟಕ್ಕೆ ಕೂತವರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಿಲ್ಲ. ತನ್ನ ಕೈಚೀಲದಲ್ಲಿದ್ದ ಹ್ಯೂಬಿಗ್ಸ್ ಪೈ ತೆಗೆದು ಅಂದವಾಗಿ ತಟ್ಟೆಗೆ ಹಾಕಿ ಕಳಿಸುತ್ತಾಳೆ. ಹ್ಯೂಬಿಗ್ಸ್ ಎಂದರೆ ಆ ಊರಿನ ಅಂಗಡಿ ಅಂಗಡಿಯಲ್ಲಿ ಸಿಗುತ್ತಿದ್ದ, ಕಾಗದದ ಪೊಟ್ಟಣದ ಕರಿದ ಹಣ್ಣಿನ ಕಡುಬು. ಚೆಂದದ ದೃಶ್ಯ. ತೊಂದರೆ ಒಂದೇ: ಕಥೆ ನಡೆಯುವ ಆ ಮೂರು ತಿಂಗಳ ಹೊತ್ತಿಗೆ ಹ್ಯೂಬಿಗ್ಸ್ ಬೇಕರಿ ಇನ್ನೂ ಬಾಗಿಲು ತೆರೆದಿರಲಿಲ್ಲ. ತೆರೆದದ್ದು ಮರುವರ್ಷ.

ಎಷ್ಟು ಜನ ಇದನ್ನು ಗಮನಿಸಿಯಾರು? ಸೈಮನ್‌ಗೆ ಗೊತ್ತಿತ್ತು, ಆ ಊರಿನವರು ಗಮನಿಸಿಯೇ ಗಮನಿಸುತ್ತಾರೆ. ಅದಕ್ಕೆ ಅವರು ಮೊದಲ ಕಂತು ಪ್ರಸಾರವಾದ 2010ರ ಏಪ್ರಿಲ್ 11ರಂದೇ, ಊರಿನ ಪತ್ರಿಕೆ ಟೈಮ್ಸ್ ಪಿಕಯೂನ್‌ನಲ್ಲಿ ಊರವರಿಗೆ ಒಂದು ಬಹಿರಂಗ ಪತ್ರ ಬರೆದರು. ಆ ಪೈ ಆಗ ಸಿಗುತ್ತಿರಲಿಲ್ಲ ಎಂದು ನಮಗೂ ಗೊತ್ತು, ಕಥೆಗಾಗಿ ಆ ಸ್ವಾತಂತ್ರ್ಯ ತೆಗೆದುಕೊಂಡಿದ್ದೇವೆ ಎಂದು ವಿವರಿಸಿದರು. ದೇಶವೆಲ್ಲಾ ನೋಡುವ ಚಾನೆಲ್ಲಿನ ಸರಣಿ, ಉತ್ತರ ಕೊಡಬೇಕಾದದ್ದು ಊರಿಗೆ ಎಂದು ತಿಳಿದುಕೊಂಡು ನಡೆಯಿತು.

ಈಗ ನಮ್ಮ ಕಡೆಗೆ ಬನ್ನಿ. ಒಂದು ಸೀರಿಯಲ್‌ನಲ್ಲಿ ನಾನು ನೋಡಿದ ಯಕ್ಷಗಾನದ ಆಟದ ದೃಶ್ಯ: ವೇಷದ ತಲೆಯ ಮೇಲೆ ಬಡಗಿನ ಕೇದಗೆ ಮುಂದಲೆ, ಹಿಂದೆ ಕೇಳುವುದು ತೆಂಕಿನ ಚೆಂಡೆ. ಬಡಗು, ತೆಂಕು ಎಂದರೆ ಯಕ್ಷಗಾನದ ಎರಡು ಬೇರೆ ಬೇರೆ ಶೈಲಿ. ಭಾಗವತರ ತುಟಿ ಒಂದು ಕಡೆ, ಪದ ಇನ್ನೊಂದು ಕಡೆ. ಬದಿಯಡ್ಕದ ಎಂಟು ವರ್ಷದ ಮಗುವಿಗೂ ಇದು ಗೊತ್ತಾಗುತ್ತದೆ ಮಾರಾಯ್ರೇ! ಮಾಡಿದವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ನಮಗೆ ಉತ್ತರ ಕೊಡಬೇಕಾದೀತು ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ. ನನಗೆ ಬೇಸರ ಆದದ್ದು ಅಲ್ಲಿ.

[ತೆರೆಯ ಮೇಲೆ: ಟ್ರಾಂಬೋನ್, ಟೂಬಾ, ಸ್ನೇರ್ ಡ್ರಮ್ ಚಿತ್ರಗಳು.]

ಟ್ರೆಮೇಯಲ್ಲಿ ತುಟಿ ಮತ್ತು ಪದ ಬೇರೆಯಾಗುವುದಿಲ್ಲ. ಸಂಗೀತವನ್ನು ಬಹುಪಾಲು ಚಿತ್ರೀಕರಣದ ಜಾಗದಲ್ಲೇ ನುಡಿಸಿ, ಅಲ್ಲೇ ಧ್ವನಿಮುದ್ರಣ ಮಾಡಿದರು. ನುಡಿಸುವವರೂ ಊರಿನ ನಿಜವಾದ ಕಲಾವಿದರು: ಕರ್ಮಿಟ್ ರಫಿನ್ಸ್, ಡಾಕ್ಟರ್ ಜಾನ್, ಅಲೆನ್ ಟೂಸಾಂಟ್, ಟ್ರಾಂಬೋನ್ ಶಾರ್ಟಿ, ತಮ್ಮ ತಮ್ಮ ಹೆಸರಿನಲ್ಲೇ ಬರುತ್ತಾರೆ. ಮುಖ್ಯ ಪಾತ್ರಗಳಲ್ಲಿ ಒಬ್ಬ ಆಂಟ್ವಾನ್ ಬಟಿಸ್ಟ್, ಟ್ರಾಂಬೋನ್ ಎಂಬ ಹಿತ್ತಾಳೆಯ ಊದುವ ವಾದ್ಯ ನುಡಿಸುವವ. ಆ ಪಾತ್ರ ಮಾಡಿದ ವೆಂಡೆಲ್ ಪಿಯರ್ಸ್ ಅದೇ ಊರಿನವರು, ಆದರೆ ಟ್ರಾಂಬೋನ್ ನುಡಿಸುವವರಲ್ಲ. ರೀಬರ್ತ್ ಬ್ರಾಸ್ ಬ್ಯಾಂಡಿನ ಸ್ಟಾಫರ್ಡ್ ಏಜಿ ಅವರಿಗೆ ಕಲಿಸಿಕೊಟ್ಟರು, ಚಿತ್ರೀಕರಣದಲ್ಲಿ ಕ್ಯಾಮರಾ ಕಣ್ಣಿಗೆ ಬೀಳದ ಕಡೆ ನಿಂತು ತಾವೇ ನುಡಿಸಿದರು.

ಮೊದಲ ಕಂತಿನಲ್ಲಿ ಮೆರವಣಿಗೆ ಹೊರಡುತ್ತದೆ. ಅಲ್ಲಿ ಅದನ್ನು ಸೆಕೆಂಡ್ ಲೈನ್ ಅನ್ನುತ್ತಾರೆ. ಮುಂದೆ ಬ್ಯಾಂಡು ಮತ್ತು ಸಂಘದವರು, ಹಿಂದೆ ಕುಣಿಯುತ್ತಾ ಊರವರು. ಈ ಸಂಘಗಳು ಮೂಲದಲ್ಲಿ ಸದಸ್ಯರ ಕಾಯಿಲೆಗೆ, ಶವಸಂಸ್ಕಾರಕ್ಕೆ ದುಡ್ಡು ಕೂಡಿಡಲು ಹುಟ್ಟಿದಂಥವು. ಪ್ರಳಯದ ನಂತರದ ಮೊದಲ ಮೆರವಣಿಗೆ ಅದು. ಆಂಟ್ವಾನ್ ಅಲ್ಲಿಗೆ ಬರುವುದು ತಡವಾಗಿ, ಟ್ಯಾಕ್ಸಿಯಲ್ಲಿ. ಇಳಿದವನು ಡ್ರೈವರ್ ಹತ್ತಿರ ಬಾಡಿಗೆಗೆ ಚೌಕಾಸಿ ಮಾಡುತ್ತಾನೆ, ಕೈಯಲ್ಲಿ ಕಾಸಿಲ್ಲ. ಆಮೇಲೆ ಓಡಿ ಬ್ಯಾಂಡಿಗೆ ಸೇರುತ್ತಾನೆ. ಕಂತು ಕಂತಿನಲ್ಲೂ ಅವನ ತಲೆಬಿಸಿ ಇದೇ: ಇವತ್ತು ರಾತ್ರಿ ಎಲ್ಲಿ ನುಡಿಸುವುದು, ಎಷ್ಟು ಸಿಗುತ್ತದೆ. ಊರಿನ ಪರಂಪರೆ ಎಂಬ ದೊಡ್ಡ ಮಾತು ಅವನ ಬಾಯಲ್ಲಿ ಬರುವುದು ಕಡಿಮೆ.

ನಮ್ಮ ಸೀರಿಯಲ್‌ನ ಕಲಾವಿದ ಸಂಭಾವನೆಯ ಮಾತೇ ಆಡುವುದಿಲ್ಲ. ಅವನಿಗೆ ಕಲೆಯೇ ಉಸಿರು, ಮುಗಿಯಿತು. ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚಿದ ಮೇಲೆ ಮುಂದಿನ ತಿರುಗಾಟದವರೆಗೆ ಅವನ ಮನೆ ಹೇಗೆ ನಡೆಯುತ್ತದೆ? ಆ ಪ್ರಶ್ನೆಯಲ್ಲೇ ಒಂದು ಇಡೀ ಸೀಸನ್ ಕಥೆ ಉಂಟು. ಯಾರೂ ಮುಟ್ಟಿಲ್ಲ.

[ತೆರೆಯ ಮೇಲೆ: ಮಣಿ ಪೋಣಿಸುತ್ತಿರುವ ಬೆರಳುಗಳು, ಸಮೀಪದಿಂದ.]

ನನಗೆ ಅತಿ ಹೆಚ್ಚು ಇಷ್ಟವಾದ ಪಾತ್ರ ಆಲ್ಬರ್ಟ್ ಲ್ಯಾಂಬ್ರೋ. ಗಾರೆ ಕೆಲಸದವ. ಜತೆಗೆ, ಮಾರ್ಡಿ ಗ್ರಾ ಹಬ್ಬಕ್ಕೆ ವೇಷ ಕಟ್ಟುವ ಮಾರ್ಡಿ ಗ್ರಾ ಇಂಡಿಯನ್ನರ ಒಂದು ತಂಡದ ಬಿಗ್ ಚೀಫ್, ಅಂದರೆ ಯಜಮಾನ. ಇವರು ಕಪ್ಪುಜನರು; ಓಡಿಬಂದ ಗುಲಾಮರಿಗೆ ಆಸರೆ ಕೊಟ್ಟ ಮೂಲನಿವಾಸಿಗಳ ನೆನಪಿಗೆ ಗರಿ, ಮಣಿಗಳ ವೇಷ ಕಟ್ಟುತ್ತೇವೆ ಎನ್ನುತ್ತಾರೆ. ವೇಷವನ್ನು ಸೂಜಿ ದಾರದಲ್ಲಿ ಕೈಯಿಂದಲೇ ಹೊಲಿಯಬೇಕು. ಒಂದೊಂದೇ ಮಣಿ, ಹತ್ತಾರು ಸಾವಿರ ಮಣಿ, ವರ್ಷಪೂರ್ತಿ ಕೆಲಸ. ಕೆಲವು ವೇಷ 45 ಕಿಲೋ ದಾಟುತ್ತದೆ. ಮುಂದಿನ ವರ್ಷ ಅದನ್ನೇ ಉಡುವ ಹಾಗಿಲ್ಲ, ಬಿಚ್ಚಿ ಹೊಸದು ಹೊಲಿಯಬೇಕು. ನಮ್ಮ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣದ ವೇಷದವರು ಅಕ್ಕಿಹಿಟ್ಟು ಸುಣ್ಣ ಕಲಸಿ, ಕನ್ನಡಿ ಹಿಡಿದು, ಗಂಟೆಗಟ್ಟಲೆ ಮುಖಕ್ಕೆ ಚುಟ್ಟಿ ಇಟ್ಟು ಬೆಳಿಗ್ಗೆ ತೊಳೆದುಬಿಡುತ್ತಾರಲ್ಲ, ಅದನ್ನು ನೋಡಿದವರಿಗೆ ಆಲ್ಬರ್ಟ್‌ನ ತಾಳ್ಮೆ ಅರ್ಥವಾಗುತ್ತದೆ.

ಈ ಹೊಲಿಗೆಯನ್ನು ಸರಣಿ ಎಷ್ಟು ಹೊತ್ತು ತೋರಿಸುತ್ತದೆ ಗೊತ್ತುಂಟಾ! ಕಂತಿನ ಮೇಲೆ ಕಂತು ಅವನು ಹೊಲಿಯುತ್ತಲೇ ಇರುತ್ತಾನೆ. ಮಾರ್ಡಿ ಗ್ರಾ ಹಬ್ಬದ ದಿನ ಅವನು ಜೈಲಿನಲ್ಲಿ. ಹೆಚ್ಚು ಹಾಳಾಗದಿದ್ದರೂ ಬೀಗ ಹಾಕಿದ್ದ ಸರ್ಕಾರಿ ವಸತಿಯನ್ನು ತೆರೆಯಿರಿ, ನನ್ನವರು ಊರಿಗೆ ವಾಪಸು ಬರಲಿ ಎಂದು ಒಳಗೆ ಹೋಗಿ ಕೂತದ್ದಕ್ಕೆ ಬಂಧನ. ಕೊನೆಗೆ ಸೇಂಟ್ ಜೋಸೆಫ್ ರಾತ್ರಿ, ಮಾರ್ಚ್ 19ರಂದು, ವೇಷ ಬೀದಿಗೆ ಬರುತ್ತದೆ.

ಆ ರಾತ್ರಿಯ ಹಿಂದೆ ನಿಜ ಘಟನೆಯೊಂದಿದೆ. 2005ರ ಸೇಂಟ್ ಜೋಸೆಫ್ ರಾತ್ರಿ ಪೊಲೀಸರು ಇಂಡಿಯನ್ನರ ಕೂಟವನ್ನು ಚದುರಿಸಿದ್ದರು. ಜೂನ್ 27ರಂದು ನಗರಸಭೆಯಲ್ಲಿ ಅದರ ವಿಚಾರಣೆ. ಹಿರಿಯ ಬಿಗ್ ಚೀಫ್ ಆಲಿಸನ್ ಟೂಟೀ ಮೊಂಟಾನಾ, ಐವತ್ತಕ್ಕೂ ಹೆಚ್ಚು ವರ್ಷ ವೇಷ ಕಟ್ಟಿದವರು, ಮೈಕ್ ಎದುರು ಮಾತಾಡುತ್ತಿದ್ದಂತೆ ಕುಸಿದು ತೀರಿಕೊಂಡರು. ಅದಾಗಿ ಎರಡು ತಿಂಗಳಿಗೆ ಕತ್ರಿನಾ. ಸರಣಿ ಇದನ್ನು ಪಾಠ ಮಾಡಿ ಹೇಳುವುದಿಲ್ಲ. ಆ ದೃಶ್ಯದಲ್ಲಿ ಪೊಲೀಸ್ ಗಾಡಿ ಕಂಡರೆ ಊರವರಿಗೆ ಎದೆ ಹೊಡೆದುಕೊಳ್ಳುತ್ತದೆ, ಸರಣಿಗೆ ಊರವರ ಮೇಲೆ ಅಷ್ಟು ನಂಬಿಕೆ.

ಇನ್ನು ಮೂರನೇ ಕಂತಿನ ಕೊನೆ. ಈ ವಿಡಿಯೋ ಮಾಡಿದ್ದೇ ಅದಕ್ಕಾಗಿ.

ಪ್ರಳಯದಲ್ಲಿ ಸತ್ತ ತಮ್ಮ ತಂಡದ ಒಬ್ಬನಿಗಾಗಿ ಆಲ್ಬರ್ಟ್ ಮತ್ತು ಉಳಿದವರು ಹಾಳುಬಿದ್ದ ಮನೆಯ ಮುಂದೆ ಸೇರುತ್ತಾರೆ. ಗರಿ ಇಲ್ಲ, ಮಣಿ ಇಲ್ಲ, ದಿನನಿತ್ಯದ ಬಟ್ಟೆ. ಕೈಯಲ್ಲಿ ತಾಳದ ವಾದ್ಯಗಳು. ನಿಧಾನವಾಗಿ ಹಾಡು ಏಳುತ್ತದೆ. ಕ್ಯಾಮರಾ ಅವರ ನಡುವೆಯೇ ನಿಂತಿದೆ, ಮುಖ ನೋಡುತ್ತಿದೆ. ಸುಮಾರು ಹೊತ್ತು ಏನೂ ಆಗುವುದಿಲ್ಲ, ಹಾಡು ಮಾತ್ರ. ನಾವೂ ಅವರಲ್ಲಿ ಒಬ್ಬರು ಅನಿಸುವಷ್ಟು ಹೊತ್ತು.

ಆಗ ಒಂದು ಬಸ್ಸು ಬಂದು ನಿಲ್ಲುತ್ತದೆ. ಹಾಳಾದ ಊರನ್ನು ತೋರಿಸಲು ಪ್ರವಾಸಿಗಳನ್ನು ತುಂಬಿಕೊಂಡು ತಿರುಗುವ ಬಸ್ಸು. ಕಿಟಕಿಗಳಲ್ಲಿ ಫ್ಲ್ಯಾಶ್ ಮಿಂಚುತ್ತದೆ. ಡ್ರೈವರ್ ತಲೆ ಹೊರಗೆ ಹಾಕಿ, ಇದೇನು ನಡೀತಾ ಇದೆ ಎಂದು ಕೇಳುತ್ತಾನೆ. ಹಾಡು ನಿಂತಿದೆ. ಹೋಗು ಇಲ್ಲಿಂದ ಎಂದು ಅವರು ಹೇಳುತ್ತಾರೆ. ಡ್ರೈವರ್ ಒಂದು ಗಳಿಗೆ ನೋಡಿ, ಕ್ಷಮಿಸಿ, ನೀವು ಹೇಳುವುದು ಸರಿ ಎಂದು ಬಸ್ಸು ತೆಗೆಯುತ್ತಾನೆ.

ಅವನು ಕೇಡಿಗನಲ್ಲ, ಕೇಳಿದ್ದೂ ಸಭ್ಯವಾಗಿಯೇ. ಬಸ್ಸಿನಲ್ಲಿ ಇದ್ದವರೂ ಬಹುಶಃ ಮರುಕದಿಂದಲೇ ಬಂದವರು. ಆದರೆ ಹಾಡುತ್ತಿದ್ದವರಿಗೆ ಅದು ಸಾವಿನ ಮನೆ. ಆ ಬಸ್ಸು ಬಾರದೇ ಇದ್ದಿದ್ದರೆ, ನಾವು ಕೂಡ ಸೋಫಾದ ಮೇಲೆ ಕೂತು ಆಹಾ ಎಂತಹ ಹಾಡು ಅಂದುಕೊಂಡು ಮುಂದಿನ ದೃಶ್ಯಕ್ಕೆ ಹೋಗುತ್ತಿದ್ದೆವು. ಬಸ್ಸು ಬಂದಾಗ ನಾವು ಯಾವ ಕಡೆಯವರು ಎಂಬ ಪ್ರಶ್ನೆ ಏಳುತ್ತದೆ. ಅಷ್ಟು ಹೊತ್ತು ನಮ್ಮನ್ನು ಹಾಡುವವರ ಪಕ್ಕದಲ್ಲಿ ನಿಲ್ಲಿಸಿದ್ದರಿಂದ ಕಿಟಕಿಯ ಮಿಂಚು ನಮ್ಮ ಕಣ್ಣಿಗೇ ಹೊಡೆಯುತ್ತದೆ. ನಮ್ಮಲ್ಲಿ ಕೋಲಕ್ಕೆ ಹೋದವರು ಹೇಳಿ, ಅಣಿ ಕಟ್ಟಿ ದೈವ ಅಂಗಳಕ್ಕೆ ಇಳಿಯುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ಎಷ್ಟು ಮೊಬೈಲ್ ಮೇಲೆ ಏಳುತ್ತದೆ? ಕುಟುಂಬದವರು ಹರಕೆ ಹೇಳಿಕೊಳ್ಳುತ್ತಿರುವ ಹೊತ್ತಿನಲ್ಲೂ ಇಳಿಯುವುದಿಲ್ಲ. ಸೀರಿಯಲ್ಲಿನ ಕ್ಯಾಮರಾ ಕೂಡ ಅದೇ ಮೊಬೈಲ್‌ಗಳ ಸಾಲಿನಲ್ಲಿ ನಿಂತು ತೆಗೆಯುತ್ತದೆ. ನಮಗೆ ಅದು ನಮ್ಮದು ಅನಿಸದೇ ಇರುವುದು ಇದಕ್ಕೇ ಎಂದು ನಾನು ನಂಬಿದ್ದೇನೆ. ವೇಷ, ತಾಳ ತಪ್ಪುವುದು ಆಮೇಲಿನ ಮಾತು.

[ತೆರೆಯ ಮೇಲೆ: ಗಡಿಯಾರ.]

ಹೊತ್ತಾಯಿತು, ಉಳಿದದ್ದನ್ನು ಒಟ್ಟಿಗೇ ಹೇಳುತ್ತೇನೆ. ಹೊರಗಿನವರೆಲ್ಲ ದೂರ ಇರಿ ಎಂದು ಸರಣಿ ಹೇಳುವುದಿಲ್ಲ: ಎರಡನೇ ಕಂತಿನಲ್ಲಿ ಸೇವೆಗೆ ಬಂದ ಹೊರ ರಾಜ್ಯದ ಯುವಕ ಯುವತಿಯರನ್ನು ಬೀದಿಯಲ್ಲಿ ಪಿಯಾನೋ ನುಡಿಸುವ ಸಾನಿ ಎಂಬವನು ಹಂಗಿಸುತ್ತಾನೆ, ಆದರೆ ಅವರೇ ಆಮೇಲೆ ಊರವರು ಹೋಗುವ ಬಾರ್‌ಗೆ ಹೋಗಿ ಹಾಡು ಕೇಳಿ ಮನತುಂಬಿ ಬರುತ್ತಾರೆ. ಬರವಣಿಗೆಯಲ್ಲಿ ಊರಿನ ಪತ್ರಕರ್ತ ಲೋಲಿಸ್ ಎರಿಕ್ ಈಲಿ ಇದ್ದರು, ಅಡುಗೆಮನೆಯ ದೃಶ್ಯಗಳಿಗೆ ಎರಡನೇ ಸೀಸನ್‌ನಿಂದ ಬಾಣಸಿಗ, ಬರಹಗಾರ ಆಂಟನಿ ಬೋರ್ಡೇನ್ ಬಂದರು. ಆಂಟ್ವಾನ್ ಮುಂದೆ ಶಾಲೆಯಲ್ಲಿ ಮಕ್ಕಳಿಗೆ ಬ್ಯಾಂಡ್ ಕಲಿಸುವ ಕೆಲಸಕ್ಕೆ ಸೇರುತ್ತಾನೆ, ಸಂಬಳಕ್ಕೆ ಸೇರಿ ಪ್ರೀತಿಯಲ್ಲಿ ಸಿಕ್ಕಿಬೀಳುತ್ತಾನೆ. ಕೇರಳದ ಶಾಲಾ ಕಲೋತ್ಸವಕ್ಕೆ ನಮ್ಮ ಮಕ್ಕಳನ್ನು ಯಕ್ಷಗಾನಕ್ಕೆ ತಯಾರು ಮಾಡುವ ಗುರುಗಳು ಆ ಭಾಗವನ್ನು ಖಂಡಿತ ನೋಡಬೇಕು.

ಕೊರತೆ ಇಲ್ಲವೆಂದಲ್ಲ. ಡೇವಿಸ್ ಎಂಬ ರೇಡಿಯೋ ನಿರೂಪಕನ ಬಾಯಲ್ಲಿ ಊರಿನ ಹೊಗಳಿಕೆ ಅತಿಯಾಗುತ್ತದೆ, ಕೆಲವು ಕಂತಿನಲ್ಲಿ ಕಥೆ ಹಾಡಿಗಾಗಿ ಕಾದು ಕೂರುತ್ತದೆ. ನೋಡುಗರ ಸಂಖ್ಯೆ ದೊಡ್ಡದಾಗಲೇ ಇಲ್ಲ, ಕೊನೆಯ ಸೀಸನ್‌ಗೆ ಸಿಕ್ಕಿದ್ದು ಐದೇ ಕಂತು. ನನಗಂತೂ ಆ ಹಾಡುಗಳಲ್ಲಿ ಒಂದನ್ನೂ ಕತ್ತರಿಸಲು ಮನಸ್ಸು ಬರುವುದಿಲ್ಲ.

ನೋಡುವುದಾದರೆ ಮೊದಲ ಕಂತಿನಿಂದಲೇ ಶುರು ಮಾಡಿ, ಮೊಬೈಲಿನ ಸ್ಪೀಕರ್‌ನಲ್ಲಿ ಬೇಡ, ಹೆಡ್‌ಫೋನ್ ಹಾಕಿ. ಕುಂಬಳೆಯ ಮೇಲೆ, ಮೇಳದ ಮೇಲೆ ಇಂಥದ್ದೊಂದು ಬರೆಯುವ ಆಸೆ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ನಮಗೆ ಬರೆದು ತಿಳಿಸಿ. ಚೌಕಿಯಲ್ಲಿ ಕೂತು ಮಾತಾಡಲು ಒಪ್ಪುವ ಹಿಮ್ಮೇಳದವರ, ವೇಷಧಾರಿಗಳ ಪರಿಚಯ ಮಾಡಿಸುವುದು ನಮ್ಮ ಕೆಲಸ. ಅವರ ಸಂಭಾವನೆಯ ಮಾತನ್ನು ಮಾತ್ರ ಮೊದಲ ದಿನವೇ ಆಡಿಕೊಳ್ಳಿ.