ಮೊದಲು ಸರ್ವನಾಮ, ಆಮೇಲೆ ಬಾಲ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತಿನ ಮಾತು ದಿನಬಳಕೆಯ ಇಂಗ್ಲಿಷಿನ ಒಂದೇ ಒಂದು ಅಭ್ಯಾಸದ ಬಗ್ಗೆ. ಪ್ಲಸ್ ಟು ಮುಗಿಸಿ ಮಂಗಳೂರಿನ ಆಸ್ಪತ್ರೆಯ ಕೌಂಟರಿನಲ್ಲೋ, ಬೇಕಲದ ರೆಸಾರ್ಟಿನಲ್ಲೋ, ಉಪ್ಪಳದ ಮೊಬೈಲ್ ಅಂಗಡಿಯಲ್ಲೋ ಕೆಲಸಕ್ಕೆ ಸೇರಿದ ಕನ್ನಡ ಮಾಧ್ಯಮದ ಹುಡುಗ ಹುಡುಗಿಯರು ಕೇಳುತ್ತಿದ್ದಾರೆ ಅಂದುಕೊಂಡು ಮಾತಾಡುತ್ತೇನೆ. ವ್ಯಾಕರಣದ ಪುಸ್ತಕ ತೆಗೆಯಬೇಡಿ. ಒಂದು ಸೂತ್ರ ಸಾಕು: ಸರ್ವನಾಮ ಮೊದಲು, ಅದರ ಬಾಲ ಆಮೇಲೆ.

ಬಾಲ ಅಂದರೆ ಎಲ್ಲಿರುವವರು, ಎಲ್ಲಿಂದ ಬಂದವರು, ಏನು ಹಿಡಿದವರು ಎಂದು ಹೇಳುವ ಭಾಗ. ಅದು ಒಂದೇ ಪದದ ಕ್ರಿಯಾವಿಶೇಷಣ ಆಗಿರಬಹುದು: ಅಪ್‌ಸ್ಟೇರ್ಸ್, ಇನ್‌ಸೈಡ್, ಹಿಯರ್, ದೇರ್. ಇಲ್ಲವೇ ಇನ್, ಅಟ್, ಫ್ರಮ್, ವಿತ್ ಇಂಥ ಪ್ರಿಪೊಸಿಷನ್‌ನಿಂದ ಶುರುವಾಗುವ ಪದಗಳ ಗುಂಪಾಗಿರಬಹುದು. ನಾವು 'ಮಹಡಿ ಮೇಲಿರುವ ಯಾರೋ' ಅನ್ನುತ್ತೇವೆ. ಇಂಗ್ಲಿಷಿನವರು 'ಸಮ್‌ವನ್ ಅಪ್‌ಸ್ಟೇರ್ಸ್' ಅನ್ನುತ್ತಾರೆ. ಯಾರೋ ಮೊದಲು, ಮಹಡಿ ಆಮೇಲೆ.

ಇದು ನಮಗೆ ಯಾಕೆ ಕಷ್ಟ? ಕಾಸರಗೋಡಿಗೆ ಸಪ್ತಭಾಷೆಗಳ ನಾಡೆಂದು ಹೆಸರು. ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು, ಯಾವುದನ್ನು ಬೇಕಾದರೂ ತೆಗೆದುಕೊಳ್ಳಿ, ಇಂಥ ಕಡೆ ವಿವರ ಮುಂದೆ, ವ್ಯಕ್ತಿ ಹಿಂದೆ. ಕನ್ನಡದಲ್ಲಿ 'ಒಳಗಿರುವವರು', ಮಲಯಾಳದಲ್ಲಿ 'ಅಕತ್ತುಳ್ಳವರ್'. ಹಾಗಾಗಿ ನಾಲ್ಕು ಭಾಷೆ ಬಲ್ಲವನಿಗೂ ಇಲ್ಲಿ ಆ ನಾಲ್ಕರಿಂದ ಏನೂ ಸಹಾಯ ಸಿಗುವುದಿಲ್ಲ. ನಾಲ್ಕೂ ಒಂದೇ ದಿಕ್ಕಿಗೆ ಎಳೆಯುತ್ತವೆ.

ಎಳೆದಾಗ ಏನಾಗುತ್ತದೆ? 'ಇನ್‌ಸೈಡ್ ಸಮ್‌ಬಡಿ ಈಸ್ ದೇರ್' ಅನ್ನುತ್ತೇವೆ. 'ದೇರ್ ಈಸ್ ಸಮ್‌ಬಡಿ ಇನ್‌ಸೈಡ್' ಅನ್ನಬೇಕು. 'ಬ್ಯಾಕ್‌ಸೈಡ್ ಪೀಪಲ್' ಅಂತೂ ದಯವಿಟ್ಟು ಬಿಟ್ಟುಬಿಡಿ. ಇಂಗ್ಲಿಷಿನವರ ಕಿವಿಗೆ ಬ್ಯಾಕ್‌ಸೈಡ್ ಅಂದರೆ ಕುಂಡೆ! ಹಿಂದೆ ಕೂತವರು 'ದೋಸ್ ಅಟ್ ದ ಬ್ಯಾಕ್'. ಸರ್ವನಾಮ ಮೊದಲು, ಬಾಲ ಆಮೇಲೆ.

ಬಾಲ ಉದ್ದವಾದಾಗ ಏನು ಮಾಡಬೇಕು, ನಿಧಾನವಾಗಿ ನೋಡೋಣ. ಫೋನು ಬಂತು, ಯಜಮಾನರಿಗೆ ಹೇಳಬೇಕು: 'ಕಾಸರಗೋಡಿನ ಹಳೇ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯ ಯಾರೋ ಫೋನ್ ಮಾಡಿದ್ದರು.' ಕನ್ನಡದಲ್ಲಿ ಊರು, ಬಸ್ ಸ್ಟ್ಯಾಂಡು, ಅಂಗಡಿ, ಕೊನೆಗೆ ಯಾರೋ. ಇಂಗ್ಲಿಷಿಗೆ ಕೊನೆಯಿಂದ ಹೊರಡಿ. ಯಾರೋ: ಸಮ್‌ವನ್. ಅಂಗಡಿಯ: ಫ್ರಮ್ ದ ಶಾಪ್. ಹಳೇ ಬಸ್ ಸ್ಟ್ಯಾಂಡಿನ ಹತ್ತಿರ: ನಿಯರ್ ದ ಓಲ್ಡ್ ಬಸ್ ಸ್ಟ್ಯಾಂಡ್. ಕಾಸರಗೋಡಿನ: ಇನ್ ಕಾಸರಗೋಡ್. ಕೊನೆಗೆ ಕ್ರಿಯಾಪದ, ಕಾಲ್ಡ್. ಒಂದೊಂದು ತುಂಡನ್ನೂ ತಿರುಗುಮುರುಗು ಮಾಡಿದರೆ ವಾಕ್ಯ ತಾನಾಗಿ ಕೂರುತ್ತದೆ. ಹೇಳುವಾಗ 'ಸಮ್‌ವನ್' ಮೇಲೆ ಒತ್ತು ಬೇಡ, ಅದನ್ನು ಹಗುರವಾಗಿ ಬಿಟ್ಟು ಬಾಲದ ಮೇಲೆ ಒತ್ತು ಹಾಕಿ. ಸರ್ವನಾಮಕ್ಕೂ ಬಾಲಕ್ಕೂ ನಡುವೆ ಉಸಿರು ತೆಗೆಯಬೇಡಿ.

ಯಾವ ಸರ್ವನಾಮಕ್ಕೆ ಬಾಲ ಸೇರುತ್ತದೆ, ಯಾವುದಕ್ಕೆ ಸೇರುವುದಿಲ್ಲ? ಸಮ್, ಎನಿ, ನೋ, ಎವ್ರಿ ಇವುಗಳಿಂದ ಹುಟ್ಟಿದ ಎಲ್ಲದಕ್ಕೂ ಧಾರಾಳವಾಗಿ ಸೇರುತ್ತದೆ: 'ನೋಬಡಿ ಅಟ್ ಹೋಮ್', 'ಎವ್ರಿವನ್ ಔಟ್‌ಸೈಡ್', 'ಸಮ್‌ಥಿಂಗ್ ಇನ್ ದ ವೆಲ್'. ಇವುಗಳಿಗೆ ಗುಣವಾಚಕವೂ ಹಿಂದೆಯೇ ಬರುತ್ತದೆ: 'ಸಮ್‌ಥಿಂಗ್ ಕೋಲ್ಡ್', 'ಕೋಲ್ಡ್ ಸಮ್‌ಥಿಂಗ್' ಅಲ್ಲ. ದೋಸ್, ಯೂ, ವಿ, ಅಸ್ ಇವಕ್ಕೂ ಸೇರುತ್ತದೆ: 'ದೋಸ್ ವಿತ್ ಟೋಕನ್ಸ್', 'ವಿ ಇನ್ ಮಂಜೇಶ್ವರ್'. 'ಯೂ ದೇರ್!' ವ್ಯಾಕರಣಕ್ಕೆ ಸರಿ, ಗ್ರಾಹಕರ ಮುಂದೆ ಮಾತ್ರ ಬೇಡ, ಅದು ಗದರಿಸಿದ ಹಾಗೆ.

ಆದರೆ ಹಿ, ಶಿ, ಇಟ್, ದೇ? ಈ ನಾಲ್ಕಕ್ಕೆ ದಿನಬಳಕೆಯಲ್ಲಿ ಇಂಥ ಬಾಲ ಕಟ್ಟಬೇಡಿ. 'ದೇ ಇನ್ ದ ಬಸ್ ಆರ್ ವೆಯ್ಟಿಂಗ್' ತಪ್ಪು, 'ದೋಸ್ ಇನ್ ದ ಬಸ್' ಅನ್ನಿ. 'ಇಟ್ ಆನ್ ದ ಟಾಪ್ ಶೆಲ್ಫ್' ತಪ್ಪು, 'ದ ವನ್ ಆನ್ ದ ಟಾಪ್ ಶೆಲ್ಫ್' ಸರಿ. ಈ 'ವನ್' ಅರ್ಧ ನಾಮಪದದ ಹಾಗೆ ನಡೆದುಕೊಳ್ಳುತ್ತದೆ. ಮುಂದೆ ಬಣ್ಣ, ಹಿಂದೆ ಜಾಗ, ಎರಡೂ ಕಡೆ ಸೇರಿಸಬಹುದು: 'ದ ಬ್ಲೂ ವನ್ ಆನ್ ದ ಟಾಪ್ ಶೆಲ್ಫ್'. ಅಂಗಡಿಯಲ್ಲಿ ನಿಂತವರು ಇದೊಂದು ವಾಕ್ಯವನ್ನು ಬಾಯಿಪಾಠ ಮಾಡಿದರೆ ದಿನವಿಡೀ ಕೆಲಸಕ್ಕೆ ಬರುತ್ತದೆ.

ಇನ್ನು 'ಎಲ್ಸ್'. ಇದರ ಕಥೆ ಹೇಳದೆ ಮುಂದೆ ಹೋಗಲಾರೆ. ಎಲ್ಸ್ ಅಂದರೆ ಬೇರೆ. ಸರ್ವನಾಮದ ಹಿಂದಲ್ಲದೆ ಮುಂದೆ ಎಂದೂ ಬರುವುದಿಲ್ಲ: ಸಮ್‌ವನ್ ಎಲ್ಸ್, ಹೂ ಎಲ್ಸ್, ವಾಟ್ ಎಲ್ಸ್. ಸರಿ, 'ಬೇರೆ ಯಾರದೋ ಕೊಡೆ' ಅನ್ನಬೇಕಾದರೆ? ಸ್ವಾಮ್ಯ ಸೂಚಿಸುವ ಆ 'ಸ್' ಪ್ರತ್ಯಯವನ್ನು ಸರ್ವನಾಮಕ್ಕೆ ಹಚ್ಚಬೇಕೋ, ಬಾಲಕ್ಕೆ ಹಚ್ಚಬೇಕೋ? 19ನೇ ಶತಮಾನದಲ್ಲಿ ಇದಕ್ಕಾಗಿ ವ್ಯಾಕರಣದ ಮೇಷ್ಟ್ರುಗಳು ಕಚ್ಚಾಡಿದ್ದಾರೆ. ಶಾಸ್ತ್ರ ಬಲ್ಲವರ ವಾದ ಇಷ್ಟು: ಎಲ್ಸ್ ಕ್ರಿಯಾವಿಶೇಷಣ, ಕ್ರಿಯಾವಿಶೇಷಣಕ್ಕೆ ಆಸ್ತಿ ಎಲ್ಲಿಂದ ಬಂತು? ಕೊಡೆ ಇರುವುದು 'ಸಮ್‌ಬಡಿ'ಗೆ, ಹಾಗಾಗಿ 'ಸಮ್‌ಬಡೀಸ್ ಎಲ್ಸ್ ಅಂಬ್ರೆಲಾ' ಅನ್ನಬೇಕು. ತರ್ಕ ಗಟ್ಟಿಯಾಗಿಯೇ ಇತ್ತು. ಅಮೆರಿಕದಲ್ಲಿ ಹಾಗೆ ಬರೆಯುವಂತೆ ಕಲಿಸಿದವರೂ ಇದ್ದರು. ಆದರೆ ಜನರ ಬಾಯಲ್ಲಿ ಅಷ್ಟು ಹೊತ್ತಿಗೆ ಸಮ್‌ಬಡಿ ಮತ್ತು ಎಲ್ಸ್ ಬೆಸುಗೆ ಹಾಕಿದಂತೆ ಒಂದಾಗಿದ್ದವು. ಒಂದಾದ ಮೇಲೆ ಪ್ರತ್ಯಯ ಗುಂಪಿನ ತುದಿಗೇ ಬೀಳಬೇಕಲ್ಲ? 'ಸಮ್‌ಬಡಿ ಎಲ್ಸಿಸ್ ಅಂಬ್ರೆಲಾ' ಅಂದರು, ಅನ್ನುತ್ತಲೇ ಇದ್ದರು. ಎರಡೂ ರೂಪಗಳು ಅಚ್ಚಿನಲ್ಲಿ ಅಕ್ಕಪಕ್ಕ ಬಹಳ ಕಾಲ ನಡೆದವು. ಕೊನೆಗೆ ಮೇಷ್ಟ್ರು ಸೋತರು, ಜನ ಗೆದ್ದರು. ಇವತ್ತು 'ಸಮ್‌ಬಡೀಸ್ ಎಲ್ಸ್' ಅಂದರೆ ತಪ್ಪು ಅಂತಲೇ ಲೆಕ್ಕ. ನನಗೆ ಈ ಜಗಳ ಇಷ್ಟವಾಗುವುದು ಯಾಕೆಂದರೆ, ಸರ್ವನಾಮವೂ ಬಾಲವೂ ಸೇರಿ ಒಂದೇ ಘಟಕ ಅನ್ನುವುದನ್ನು ಯಾವ ಪಂಡಿತರೂ ಕಲಿಸದೆ ಮಾತಾಡುವವರೇ ತೋರಿಸಿಕೊಟ್ಟರು. ಎಲ್ಸ್ ಜೊತೆ ಇನ್ನೊಂದು ಬಾಲ ಇದ್ದರೆ ಎಲ್ಸ್‌ಗೇ ಮೊದಲ ಸ್ಥಾನ: 'ಸಮ್‌ವನ್ ಎಲ್ಸ್ ಫ್ರಮ್ ಕುಂಬಳೆ'.

ಗಡಿಯಾರ ನೋಡಿದರೆ ಸಮಯ ಹೆಚ್ಚಿಲ್ಲ. ಉಳಿದದ್ದು ಬೇಗ ಬೇಗ.

ಕ್ರಿಯಾಪದ ಬಾಲವನ್ನು ನೋಡುವುದಿಲ್ಲ, ಸರ್ವನಾಮವನ್ನೇ ನೋಡುತ್ತದೆ. 'ಎವ್ರಿವನ್ ಇನ್ ದೀಸ್ ಹೌಸಸ್ ಹ್ಯಾಸ್ ಎ ವೆಲ್'. ಹೌಸಸ್ ಬಹುವಚನ ಅಂತ ಅಲ್ಲಿ 'ಹ್ಯಾವ್' ಹಾಕಬೇಡಿ.

'ಫಾರ್ ವಿ ಇನ್ ಕಾಸರಗೋಡ್' ಅನ್ನಬೇಡಿ. ಫಾರ್ ಬಂದ ಮೇಲೆ 'ಅಸ್', ಬಾಲ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ: 'ಫಾರ್ ಅಸ್ ಇನ್ ಕಾಸರಗೋಡ್'.

'ಐ ಸಾ ಸಮ್‌ವನ್ ಆನ್ ದ ಬಸ್' ಅಂದರೆ ಬಸ್ಸಿನಲ್ಲಿದ್ದದ್ದು ನೀವೋ, ಅವರೋ? ಗೊಂದಲ ಅನಿಸಿದರೆ ಬಾಲ ಬಿಚ್ಚಿ ಪೂರ್ತಿ ಹೇಳಿ: 'ಸಮ್‌ವನ್ ಹೂ ವಾಸ್ ಆನ್ ದ ಬಸ್'.

ಕೊನೆಯದು, ಇದೇ ಜಾಡಿನದು. ಫ್ಯಾನು ಆರಿಸಲು 'ಸ್ವಿಚ್ ಆಫ್ ದ ಫ್ಯಾನ್' ಅನ್ನಬಹುದು, 'ಸ್ವಿಚ್ ದ ಫ್ಯಾನ್ ಆಫ್' ಅಂತಲೂ ಅನ್ನಬಹುದು. ಫ್ಯಾನ್ ಬದಲು 'ಇಟ್' ಬಂದರೆ ಒಂದೇ ದಾರಿ: 'ಸ್ವಿಚ್ ಇಟ್ ಆಫ್'. 'ಸ್ವಿಚ್ ಆಫ್ ಇಟ್' ಇಲ್ಲವೇ ಇಲ್ಲ. 'ಕಾಲ್ ಹಿಮ್ ಬ್ಯಾಕ್', 'ಫಿಲ್ ಇಟ್ ಇನ್', 'ಪಿಕ್ ದೆಮ್ ಅಪ್', ಎಲ್ಲ ಕಡೆ ಸರ್ವನಾಮ ಮೊದಲು. 'ಲುಕ್ ಅಟ್ ಇಟ್' ಹೇಗೆ ಅಂತ ಕೇಳಬೇಡಿ. ಮೇಲಿನ ಆಫ್, ಬ್ಯಾಕ್, ಇನ್, ಅಪ್ ಕ್ರಿಯಾಪದಕ್ಕೆ ಅಂಟಿದ ಕ್ರಿಯಾವಿಶೇಷಣಗಳು. ಇಲ್ಲಿ ಅಟ್ ಪ್ರಿಪೊಸಿಷನ್, ಅದು 'ಇಟ್'ನ ಮುಂದೆಯೇ ನಿಲ್ಲಬೇಕು. ನಾಳೆ ಕೌಂಟರಿಗೆ ಅರ್ಜಿ ಹಿಡಿದು ಬಂದವರಿಗೆ 'ಪ್ಲೀಸ್ ಫಿಲ್ ಇಟ್ ಇನ್' ಅಂತಲೇ ಹೇಳಿ. ನಮಸ್ಕಾರ.